ನ್ಯೂವ್ ಶಪೆಲ್ ಎಂಬ ಹಳ್ಳಿ

ನಮ್ಮ ಶಾಲೆಯ ಸ್ಮರಣ ಸಂಚಿಕೆಗಾಗಿ ನನ್ನ ಫ್ರಾನ್ಸ್ ದೇಶದ ಪ್ರವಾಸದ ವಿಷಯವಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆಮಾಡಿರುವರು. ಪ್ಯಾರಿಸ್ ನಗರವನ್ನು ನಾನೂ ಕಂಡೆನು. ಆದರೆ ಅದರ ಅರಮನೆಗಳನ್ನೂ ಚಿತ್ರಶಾಲೆಗಳನ್ನೂ ಸೇನ್ ನದಿಯ ಸೇತುವೆಗಳನ್ನೂ ನನಗಿಂತ ಅಂದವಾಗಿ ವರ್ಣಿಸಬಲ್ಲವರು ನಮ್ಮ ಹಳೆ ವಿದ್ಯಾರ್ಥಿನಿಯರಲ್ಲಿಯೇ ಹಲವರಿರುವರು. ಮೂವತ್ತು ವರ್ಷ ಭೂಗೋಳವನ್ನು ಕಲಿಸಿದ ನನಗಾದರೋ, ಆ ದೇಶದ ಉತ್ತರ ಅಂಚಿನಲ್ಲಿ, ಶಾಲೆಯ ಭೂಪಟದಲ್ಲಿ ಹೆಸರನ್ನು ಕೂಡ ಕಾಣದ ಒಂದು ಚಿಕ್ಕ ಹಳ್ಳಿಯ ಕುರಿತೇ ಬರೆಯಬೇಕೆಂದು ಮನಸ್ಸಾಗಿರುವುದು. ಪ್ರಿಯ ಸೋದರಿಯರೂ ತಾಯಿತಂದೆಗಳೂ ಇದನ್ನು ಒಬ್ಬ ಉಪಾಧ್ಯಾಯಿನಿಯ ಹಳೆಯ ಅಭ್ಯಾಸವೆಂದು ಸಹಿಸಿಕೊಳ್ಳಬೇಕಾಗಿ ಬೇಡುತ್ತೇನೆ.

ಆ ಹಳ್ಳಿಯ ಹೆಸರು ನ್ಯೂವ್ ಶಪೆಲ್. ಹೊಸ ಪ್ರಾರ್ಥನಾಮಂದಿರ ಎಂಬುದೇ ಇದರ ಅರ್ಥ. ಪಾ-ದ-ಕಾಲೆ ಎಂಬ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಬೆತ್ಯೂನ್ ಪಟ್ಟಣದಿಂದ ಸುಮಾರು 12 ಕಿಲೋಮೀಟರು, ಲೀಲ್ ಎಂಬ ದೊಡ್ಡ ನಗರದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ ಅದು ಇರುವುದು. ಉತ್ತರಕ್ಕೆ ಡಂಕರ್ಕಿನ ಕಡಲತೀರವು ಅರುವತ್ತು ಕಿಲೋಮೀಟರಿಗಿಂತ ಹತ್ತಿರ. ಊರಿನ ಜನಸಂಖ್ಯೆ ಸಾವಿರವನ್ನು ತುಸು ಮೀರಿರಬಹುದು. ಒಂದು ಇಗರ್ಜಿ, ಒಂದು ಗ್ರಾಮಸಭೆಯ ಕಟ್ಟಡ, ಕೆಂಪು ಇಟ್ಟಿಗೆಯ ಮನೆಗಳು, ಮನೆಗಳ ಹಿಂದೆ ಹೊಲಗಳು. ಇಷ್ಟೇ. ನಮ್ಮ ತಾಲೂಕಿನ ಯಾವ ಪೇಟೆಯಾದರೂ ಇದಕ್ಕಿಂತ ದೊಡ್ಡದು.

ನನ್ನ ತಮ್ಮನ ಮಗಳು ಲೀಲ್ ನಗರದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿರುವುದರಿಂದ ನನಗೆ ಅತ್ತ ಹೋಗುವ ಸಂದರ್ಭ ಒದಗಿತು. ಮಾರ್ಚಿ ತಿಂಗಳ ಒಂದು ಬೆಳಿಗ್ಗೆ ಅವಳೂ ಅವಳ ಸಹಪಾಠಿಯೂ ನನ್ನನ್ನು ಮೋಟಾರಿನಲ್ಲಿ ಕೂಡ್ರಿಸಿಕೊಂಡು ಹೊರಟರು. ತುಂತುರು ಮಳೆ. ದಾರಿಯ ಎರಡು ಕಡೆಗಳಲ್ಲಿಯೂ ನೀರು ನಿಂತ ಕಾಲುವೆಗಳು, ತಲೆ ಕಡಿದ ವಿಲ್ಲೋ ಮರಗಳು, ಉತ್ತು ಬಿಟ್ಟ ಕಪ್ಪು ಮಣ್ಣು. ಕಣ್ಣು ಹಾಯುವಷ್ಟು ದೂರವೂ ನೆಲವು ಮಣೆಯಂತೆ ಸಮತಟ್ಟಾಗಿತ್ತು. ನಾನು ಓಬೇರ್ ದಿಣ್ಣೆಯನ್ನು ನೋಡಬೇಕೆಂದು ಕೇಳಿದಾಗ ನನ್ನ ಸೊಸೆಯು ಸುತ್ತಲೂ ನೋಡಿ, "ಅತ್ತೆ, ಇಲ್ಲಿ ಗುಡ್ಡ ಎಲ್ಲಿದೆ?" ಎಂದಳು. ಘಟ್ಟದ ಬುಡದಲ್ಲಿ ಬೆಳೆದ ಹುಡುಗಿಗೆ ಆ ಸಂಶಯ ಬಂದುದು ಸಹಜವೇ. ಪೂರ್ವದಲ್ಲಿ ಸುಮಾರು ಒಂದು ಮೈಲಿನಾಚೆ ನೆಲವು ಮೆಲ್ಲನೆ ಏರುತ್ತಿರುವುದು ಬಹಳ ಹೊತ್ತು ದಿಟ್ಟಿಸಿದ ಮೇಲೆಯೇ ತಿಳಿಯುವುದು. ಅದರ ಎತ್ತರವು ಬಯಲಿನಿಂದ ಒಂದು ಬೆಳೆದ ತೆಂಗಿನಮರದಷ್ಟು ಮಾತ್ರ. ಆ ತೆಂಗಿನಮರದಷ್ಟು ಎತ್ತರಕ್ಕಾಗಿ ಎಷ್ಟು ಸಾವಿರ ತಾಯಂದಿರು ಮಕ್ಕಳನ್ನು ಕಳೆದುಕೊಂಡರೆಂಬುದನ್ನೇ ನಾನು ಹೇಳಹೊರಟಿರುವುದು.

ಭೂಗೋಳವನ್ನು ಅರಿಯದೆ ಇಲ್ಲಿಯ ಚರಿತ್ರೆಯನ್ನು ಅರಿಯಲಾಗದು. ಇದು ಫ್ಲಾಂಡರ್ಸ್ ಬಯಲಿನ ದಕ್ಷಿಣದ ಅಂಚು. ಕೆಳಗೆ ನೀರನ್ನು ಇಳಿಯಗೊಡದ ಜೇಡಿಮಣ್ಣು. ಉತ್ತರದಲ್ಲಿ ಲೀಸ್ ನದಿ, ದಕ್ಷಿಣದಲ್ಲಿ ಲಾ ಬಾಸೆ ಎಂಬ ಪಟ್ಟಣವೂ ಅದರ ದೊಡ್ಡ ಕಾಲುವೆಯೂ, ಅದರಾಚೆ ಲಾನ್ಸ್ ಪ್ರಾಂತದ ಕಲ್ಲಿದ್ದಲ ಗಣಿಗಳು. ಹಳ್ಳಿಗೂ ದಿಣ್ಣೆಗೂ ನಡುವೆ ಲೇ ಎಂಬೊಂದು ಸಣ್ಣ ತೊರೆ ಹರಿಯುವುದು. ತೊರೆಯಾಚೆ ಬ್ಯೇ ಎಂಬ ಕಾಡು. ಮಳೆಗಾಲದಲ್ಲಿ ನಮ್ಮ ಬೈಲುಗದ್ದೆಗಳನ್ನು ಅಗೆದರೆ ಹೇಗೆ ಎರಡು ಮೂರು ಅಡಿಗಳಲ್ಲಿಯೇ ನೀರು ಉಕ್ಕುವುದೋ ಹಾಗೆ ಇಲ್ಲಿಯೂ ಉಕ್ಕುವುದು. ಆದುದರಿಂದ ಯುದ್ಧ ಬಂದಾಗ ಸೈನಿಕರಿಗೆ ಆಳವಾದ ಕಂದಕಗಳನ್ನು ತೋಡಲು ಸಾಧ್ಯವಾಗದೆ, ಮಣ್ಣು ತುಂಬಿದ ಚೀಲಗಳನ್ನು ನೆಲದ ಮೇಲೆಯೇ ಗೋಡೆಯಂತೆ ಒಟ್ಟಿ ಅದರ ಮರೆಯಲ್ಲಿ ಇರಬೇಕಾಯಿತು. ದಿಣ್ಣೆಯ ಮೇಲಿರುವವನಿಗೆ ಒಣನೆಲವೂ ದೂರದ ನೋಟವೂ ದೊರೆಯುವುವು. ಕೆಳಗಿರುವವನಿಗೆ ಕೆಸರು ಮಾತ್ರ. ಅಲ್ಲದೆ ಆ ದಿಣ್ಣೆಯನ್ನು ದಾಟಿದರೆ ಲೀಲ್ ನಗರಕ್ಕೆ ಹೋಗುವ ಹಾದಿ ತೆರೆಯುವುದು. ಇದೇ ಕಾರಣದಿಂದ ಯಾರಿಗೂ ಬೇಡವಾಗಿದ್ದ ಹಳ್ಳಿಯು ಎಲ್ಲರಿಗೂ ಬೇಕಾಯಿತು.

ಹಿಂದಿನ ಕಾಲದ ಚರಿತ್ರೆಯನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಈ ಸುತ್ತಿನ ನಾಡು ಬಹುಕಾಲ ಸ್ಪೇನ್ ದೊರೆಗಳ ಅಧೀನವಾಗಿದ್ದು, ಆರ್ತುವಾ ಪ್ರಾಂತದ ಬಹುಭಾಗವು 1659ರ ಪಿರೆನೀ ಒಪ್ಪಂದದಿಂದಲೂ ಲೀಲ್ ನಗರವು 1668ರ ಒಪ್ಪಂದದಿಂದಲೂ ಫ್ರಾನ್ಸಿಗೆ ಸೇರಿದವು. ಮಹಾಕ್ರಾಂತಿಯ ಕಾಲದಲ್ಲಿ, 1790ರಲ್ಲಿ, ಈಗಿನ ಜಿಲ್ಲೆಗಳಾದವು. ರೈತರು ತಮ್ಮ ಗೋಧಿ, ಬೀಟುಗಡ್ಡೆ, ಆಲೂಗಡ್ಡೆಗಳನ್ನು ಬೆಳೆದುಕೊಂಡು ಇದ್ದರು. ಹೊರಗಿನವರು ಯಾರೂ ಆ ಊರಿನ ಹೆಸರು ಕೇಳಿರಲಿಲ್ಲ.

1914ರ ಆಗಸ್ಟಿನಲ್ಲಿ ಮೊದಲನೆಯ ಮಹಾಯುದ್ಧವು ಹೊತ್ತಿಕೊಂಡಿತು. ಸೆಪ್ಟೆಂಬರ್ ಕೊನೆಯಲ್ಲಿ ಲಾಹೋರ್ ಮತ್ತು ಮೀರತ್ ಎಂಬ ಎರಡು ಭಾರತೀಯ ಡಿವಿಜನ್ನುಗಳ ಸಿಪಾಯಿಗಳು ಮಾರ್ಸೇಲ್ಸ್ ಬಂದರದಲ್ಲಿ ಇಳಿಯತೊಡಗಿದರು. ಗಢವಾಲಿಗಳು, ಸಿಖ್ಖರು, ಗೂರ್ಖರು, ಪಠಾಣರು, ಪಂಜಾಬಿನ ಮುಸಲ್ಮಾನರು, ಡೋಗ್ರಾಗಳು, ಜಾಟರು. ಮೈಮೇಲೆ ಬೇಸಗೆಯ ತೆಳು ಹತ್ತಿಯ ಖಾಕಿ ಬಟ್ಟೆ. (ಆ ಖಾಕಿ ಬಣ್ಣವನ್ನು ಮೊದಲು ಹಾಕಿದುದು ನಮ್ಮ ಮಂಗಳೂರಿನ ಬಲ್ಮಠದ ನೇಯ್ಗೆಶಾಲೆಯಲ್ಲಿ, ಹಾಲರ್ ಎಂಬ ಬಾಸೆಲ್ ಮಿಶನ್ನಿನವರು 1851ರ ವೇಳೆಗೆ ಎಂದು ನಮ್ಮ ಹಿರಿಯರು ಹೇಳಿಕೊಳ್ಳುವರು.) ಮುಂದೆ ಬಂದುದು ಹಿಮ, ಮಳೆ, ಮಂಡಿಯವರೆಗೆ ಕೆಸರು. ಅಕ್ಟೋಬರ್ ಕೊನೆಯಲ್ಲಿ ಜರ್ಮನರು ನ್ಯೂವ್ ಶಪೆಲನ್ನು ಹಿಡಿದರು. 28ನೆಯ ತಾರೀಕಿನಲ್ಲಿ 47ನೆಯ ಸಿಖ್ಖರ ದಳದವರೂ ಸ್ಯಾಪರ್ಸ್ ಮತ್ತು ಮೈನರ್ಸ್ ಪಡೆಯ ಎರಡು ಕಂಪೆನಿಗಳವರೂ ಬಯಲನ್ನು ದಾಟಿ ಊರೊಳಗೆ ನುಗ್ಗಿ ಮನೆಯಿಂದ ಮನೆಗೆ ಕೈಗೆ ಕೈ ಕೊಟ್ಟು ಹೋರಾಡಿದರು. ಹಿಂದಿನಿಂದ ಸಹಾಯ ಬಾರಲಿಲ್ಲ; ಊರನ್ನು ಬಿಟ್ಟು ಹಿಂದಿರುಗಬೇಕಾಯಿತು. ಮರಳಿ ಬಂದವರು ಬಹು ಕೆಲವರು.

ದೊಡ್ಡ ಕದನವು ನಡೆದುದು ಮುಂದಿನ ವಸಂತದಲ್ಲಿ. 1915ರ ಮಾರ್ಚಿ 10ರ ಬೆಳಿಗ್ಗೆ ಏಳೂವರೆ ಗಂಟೆಗೆ ಮುನ್ನೂರಕ್ಕೆ ಮೀರಿದ ಫಿರಂಗಿಗಳು ಏಕಕಾಲದಲ್ಲಿ ಗುಂಡು ಸುರಿಸಿದವು. ವಿಮಾನಗಳಿಂದ ಛಾಯಾಚಿತ್ರಗಳನ್ನು ತೆಗೆದು, ಅವುಗಳಿಂದ ಶತ್ರುವಿನ ಕಂದಕಗಳ ನಕ್ಷೆ ಬರೆದು, ಆ ನಕ್ಷೆಯನ್ನು ಸೈನ್ಯಕ್ಕೆ ಹಂಚಿ ದೊಡ್ಡ ಕಾಳಗಕ್ಕೆ ಇಳಿದುದು ಬಹುಮಟ್ಟಿಗೆ ಇಲ್ಲಿಂದಲೇ ಆರಂಭವಾಯಿತು. ಭೂಪಟವು ಎಂತಹ ಕೆಲಸಕ್ಕೂ ಬರುವುದೆಂದು ಭೂಗೋಳದ ಉಪಾಧ್ಯಾಯಿನಿಯು ಸಂತೋಷಪಡುವ ಸಂಗತಿಯೇನೂ ಇದಲ್ಲ. ಗುಂಡಿನ ಮಳೆ 35 ನಿಮಿಷ ನಡೆಯಿತು. ಎಂಟು ಗಂಟೆ ಐದು ನಿಮಿಷಕ್ಕೆ ಕಾಲಾಳುಗಳು ಎದ್ದು ನಡೆದರು. ಬಲಪಕ್ಕದಲ್ಲಿ ಭಾರತೀಯ ದಳ, ಎಡಪಕ್ಕದಲ್ಲಿ ಬ್ರಿಟಿಷರ ನಾಲ್ಕನೆಯ ದಳ. ಆ ಮುಂಜಾನೆಯೇ ಹಳ್ಳಿಯು ಕೈಸೇರಿತು.

ಅಷ್ಟರಲ್ಲಿಯೇ ತೊಡಕುಗಳೂ ಹುಟ್ಟಿದವು. ಎಡತುದಿಯಲ್ಲಿ ಒಂದು ಭಾಗದ ಮುಳ್ಳುತಂತಿಗಳಿಗೆ ಗುಂಡು ತಾಗಿರಲಿಲ್ಲವಾದ್ದರಿಂದ ಅಲ್ಲಿ ಮುನ್ನುಗ್ಗಿದ ಬ್ರಿಟಿಷ್ ತರುಣರು ಸಾಲುಸಾಲಾಗಿ ಬಿದ್ದರು. ಬಲತುದಿಯಲ್ಲಿ ಗಢವಾಲಿಗಳ ಒಂದು ಪಡೆಯು ದಿಕ್ಕು ತಪ್ಪಿ ಬಲಕ್ಕೆ ಸರಿದು, ಫಿರಂಗಿಗಳು ಮುಟ್ಟದೆ ಬಿಟ್ಟಿದ್ದ ಕಂದಕದ ಎದುರಿಗೆ ಹೋಗಿ ನಿಂತಿತು. ಅವರು ಆ ಕಂದಕವನ್ನೂ ಹಿಡಿದರು; ಹಿಡಿದವರಲ್ಲಿ ಉಳಿದವರು ಎಷ್ಟೆಂದು ಕೇಳಬಾರದು. ತಂತಿಗಳು ತುಂಡಾಗಿ ಮುಂದಿನವರ ಸುದ್ದಿ ಹಿಂದಿನವರಿಗೆ ತಲಪದೆ, ಹಿಂದಿನವರ ಆಜ್ಞೆ ಮುಂದಿನವರಿಗೆ ತಲಪದೆ, ಬೆಲೆಯುಳ್ಳ ಗಂಟೆಗಳು ಸುಮ್ಮನೆ ಕಳೆದವು. ಸಂಜೆಯೊಳಗೆ ಜರ್ಮನರು ಬ್ಯೇ ಕಾಡಿನ ಮುಂದೆ ಭದ್ರವಾಗಿ ನೆಲೆನಿಂತರು. 13ನೆಯ ತಾರೀಕಿಗೆ ಕಾಳಗವು ನಿಂತಾಗ ದೊರೆತಿದ್ದುದು ಅಗಲದಲ್ಲಿ ಎರಡು ಮೈಲಿಗೂ ಕಡಿಮೆ, ಆಳದಲ್ಲಿ ಒಂದು ಮೈಲಿಗೂ ಕಡಿಮೆಯಾದ ಕೆಸರುನೆಲ. ದಿಣ್ಣೆಯು ದೊರೆಯಲಿಲ್ಲ. ಬ್ರಿಟಿಷ್ ಮತ್ತು ಭಾರತೀಯ ಸೈನ್ಯದಲ್ಲಿ ಸತ್ತವರೂ ಗಾಯಗೊಂಡವರೂ ಕಾಣೆಯಾದವರೂ ಕೂಡಿ ಸುಮಾರು 11,600. ಇವರಲ್ಲಿ ನಾಲ್ಕು ಸಾವಿರಕ್ಕೆ ಮೀರಿ ಭಾರತೀಯರು. ಜರ್ಮನರ ಕಡೆಯಲ್ಲಿಯೂ ಸಾವಿರಾರು ಮಂದಿ.

ಆ ಮೊದಲನೆಯ ಬೆಳಗಿನಲ್ಲಿ ಸತ್ತವರಲ್ಲಿ ಗಬ್ಬರ್ ಸಿಂಗ್ ನೇಗಿ ಎಂಬ ಗಢವಾಲಿ ಸಿಪಾಯಿ ಒಬ್ಬನು. ಇನ್ನೂ ಇಪ್ಪತ್ತು ವರ್ಷ ತುಂಬದ ಹುಡುಗ. ಶತ್ರುವಿನ ಕಂದಕದೊಳಗೆ ಎಲ್ಲರಿಗಿಂತ ಮೊದಲು ನುಗ್ಗಿದ ಅವನಿಗೆ ಮರಣಾನಂತರ ವಿಕ್ಟೋರಿಯಾ ಕ್ರಾಸ್ ಪದಕವು ಕೊಡಲ್ಪಟ್ಟಿತು. ಅದನ್ನು ಅವನ ಎಳೆಯ ವಿಧವೆಯು ಬಾಳಿನುದ್ದಕ್ಕೂ ಎದೆಯ ಮೇಲೆ ಧರಿಸುತ್ತಿದ್ದಳೆಂದೂ, ಸೈನಿಕರು ಅವಳಿಗೆ ಸಲಾಮು ಮಾಡುತ್ತಿದ್ದರೆಂದೂ ಹೇಳುವರು. ಅವನ ಹುಟ್ಟೂರಿನ ಬಳಿಯ ಚಂಬಾದಲ್ಲಿ ಅವನ ನೆನಪಿಗಾಗಿ ವರ್ಷವರ್ಷವೂ ಎಪ್ರಿಲಿನಲ್ಲಿ ಜಾತ್ರೆ ಕೂಡುವುದು.

ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆಯವರು ಇಲ್ಲಿಗೆ ಬಂದವರಲ್ಲ. ಅವರು ಸುಯೆಜ್ ಕಾಲುವೆಯಲ್ಲಿಯೂ ಪ್ಯಾಲೆಸ್ಟೈನಿನಲ್ಲಿಯೂ ಕಾದಿ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರದವರೊಡನೆ ಗೆದ್ದರು. ಆದರೂ ಯುದ್ಧದ ಬಿಸಿಯು ನಮ್ಮ ಕರಾವಳಿಗೆ ತಟ್ಟದೆ ಇರಲಿಲ್ಲ. ಬಾಸೆಲ್ ಮಿಶನ್ನಿನ ಜರ್ಮನ್ ಮಿಶನೆರಿಗಳು ಬಂಧಿಸಲ್ಪಟ್ಟು ದೇಶದಿಂದ ಕಳುಹಿಸಲ್ಪಟ್ಟರು; ಅವರ ಹಂಚಿನ ಕಾರ್ಖಾನೆಗಳೂ ನೇಯ್ಗೆಯ ಕಾರ್ಖಾನೆಗಳೂ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಯ ಕೈಗೆ ಹೋದವು.

ಇನ್ನು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಹೇಳಲೇಬೇಕಾದ ಸಂಗತಿಯೊಂದಿದೆ. ಆ ಸಿಪಾಯಿಗಳು ಮನೆಗೆ ಬರೆದ, ಮನೆಯಿಂದ ಅವರಿಗೆ ಬಂದ ಪತ್ರಗಳನ್ನು ಸರಕಾರದವರು ತೆರೆದು ಓದಿ ನೋಡುತ್ತಿದ್ದರು. ಅವುಗಳ ಭಾಗಗಳನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿ ವರದಿಗಳಲ್ಲಿ ಸೇರಿಸಿದುದರಿಂದ ಅವು ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರೆರಿಯಲ್ಲಿ ಉಳಿದಿವೆ. ಪರಿಶೋಧಕರ ಕಣ್ಣು ತಪ್ಪಿಸಲು ಸಿಪಾಯಿಗಳು ತಮ್ಮವರನ್ನು ಕರಿಮೆಣಸೆಂದೂ ಆಂಗ್ಲರನ್ನು ಕೆಂಪು ಮೆಣಸೆಂದೂ ಬರೆಯುತ್ತಿದ್ದರಂತೆ. ಮೆಣಸು ತೀರುತ್ತ ಬಂದಿದೆ ಎಂದರೆ ಜನ ಸಾಯುತ್ತಿದ್ದಾರೆಂದು ಅರ್ಥ. ಇಂತಹ ನೂರಾರು ಪತ್ರಗಳಲ್ಲಿ ಮತ್ತೆ ಮತ್ತೆ ಬರುವುದು ಫ್ರಾನ್ಸಿನ ಹೆಂಗಸರ ಮಾತು. ಗಂಡಸರೆಲ್ಲ ಯುದ್ಧಕ್ಕೆ ಹೋಗಿರುವಾಗ ಆ ಹೆಂಗಸರು ಹೊಲ ಉತ್ತರು, ಹಾಲು ಕರೆದರು, ಅಂಗಡಿಯ ಲೆಕ್ಕ ಬರೆದರು, ವರ್ತಮಾನಪತ್ರ ಓದಿದರು, ಮನೆಯಲ್ಲಿ ತಂಗಿದ ಪರದೇಶದ ಸಿಪಾಯಿಗೆ ಬಿಸಿ ಕಾಫಿ ಕೊಟ್ಟು ಹರಿದ ಅಂಗಿಯನ್ನು ಹೊಲಿದರು. ಮಗನನ್ನು ಕಳೆದುಕೊಂಡ ಮುದುಕಿಯು ಮರುದಿನವೇ ಕೆಲಸಕ್ಕೆ ಇಳಿದುದನ್ನು ಕಂಡು ಸಿಪಾಯಿಗಳು ಬೆರಗಾದರು. ಕೆಲವರು ಅಂತಹವರನ್ನು ತಾಯಿ ಎಂದೇ ಕರೆದರು. ಅವರಲ್ಲಿ ಹಲವರು ಊರಿಗೆ ಬರೆದುದೇನೆಂದರೆ: ಇಲ್ಲಿ ಹುಡುಗರಂತೆ ಹುಡುಗಿಯರೂ ಓದು ಕಲಿಯುತ್ತಾರೆ, ನಮ್ಮ ಮನೆಯ ಹೆಣ್ಣುಮಕ್ಕಳನ್ನೂ ಶಾಲೆಗೆ ಕಳುಹಿಸಿರಿ. ಬರೆದವರಲ್ಲಿ ಅನೇಕರಿಗೆ ತಮಗೇ ಬರೆಯಲು ಬಾರದು. ಇನ್ನೊಬ್ಬನಿಂದ ಬರೆಯಿಸಿದ ಮಾತು ಅದು. ಊರಿನಲ್ಲಿ ಅದನ್ನು ಓದಿ ಹೇಳುವವನೂ ಇನ್ನೊಬ್ಬನೇ. ಗಂಡಹೆಂಡಿರ ನಡುವಿನ ಮಾತಿಗೆ ಎಷ್ಟು ಮಂದಿ ಸಾಕ್ಷಿಗಳು!

ಇದನ್ನು ಓದುವಾಗ ನನಗೆ ನೆನಪಾದುದು ನನ್ನ ಅಜ್ಜಿ ಹೇಳುತ್ತಿದ್ದ ಒಂದು ಸಂಗತಿ. 1915ರ ಕೊನೆಯಲ್ಲಿ ಭಾರತೀಯ ಕಾಲ್ದಳಗಳು ಫ್ರಾನ್ಸನ್ನು ಬಿಟ್ಟು ಮೆಸೊಪೊಟೇಮಿಯಾಕ್ಕೆ ಹೋದವಷ್ಟೆ. ಅತ್ತ ಕಡೆಗೆ ಮದ್ರಾಸು ಆಧಿಪತ್ಯದಿಂದಲೂ ಕೂಲಿಯಾಳುಗಳನ್ನು ಒಯ್ದರು. ನನ್ನ ಅಜ್ಜಿಯ ನೆರೆಮನೆಯ ವಿಧವೆಯೊಬ್ಬಳ ಹಿರಿಯ ಮಗನೂ ಹಾಗೆ ಬಸ್ರಾಕ್ಕೆ ಹೋಗಿದ್ದನು. ಆ ಕೇರಿಯಲ್ಲಿ ಓದು ಬಲ್ಲ ಹೆಣ್ಣೆಂದರೆ ಮಿಶನ್ ಶಾಲೆಯ ನಾಲ್ಕನೆಯ ತರಗತಿಯ ಹುಡುಗಿಯಾಗಿದ್ದ ನನ್ನ ಅಜ್ಜಿ ಒಬ್ಬಳೇ. ಒಂದು ದಿನ ಮಗನ ಜತೆಗಾರನಿಂದ ಕನ್ನಡದಲ್ಲಿ ಬರೆದ ಪತ್ರ ಬಂತು. ತಾಯಿ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಹುಡುಗಿಯ ಕೈಯಲ್ಲಿಟ್ಟಳು. ಹುಡುಗಿ ಉತ್ಸಾಹದಿಂದ ಗಟ್ಟಿಯಾಗಿ ಓದತೊಡಗಿ, ನಾಲ್ಕನೆಯ ಸಾಲಿನಲ್ಲಿ ತಟ್ಟನೆ ನಿಂತಳು. ಜ್ವರ ಬಂದುದನ್ನೂ ಆಸ್ಪತ್ರೆಗೆ ಒಯ್ದುದನ್ನೂ ಓದಿಯಾಗಿತ್ತು. ಮುಂದಿನ ಮಾತು ಕಣ್ಣಿಗೆ ಬಿದ್ದಿತ್ತು. "ಓದು ಮಗಾ, ನಿಲ್ಲಿಸಬೇಡ" ಎಂದಳಂತೆ ಆ ತಾಯಿ. ಹನ್ನೊಂದು ವರ್ಷದ ಹುಡುಗಿ ಓದಿದಳು.

ಅನಂತರ ಹಲವು ಆದಿತ್ಯವಾರಗಳಲ್ಲಿ ಆಕೆ ಅದೇ ಪತ್ರವನ್ನು ತಂದು ಮೊದಲಿನಿಂದ ಓದಿಸಿಕೊಳ್ಳುತ್ತಿದ್ದಳು. ಕೊನೆಗೆ ಒಂದು ದಿನ, ಮಗನ ಹೆಸರು ಎಲ್ಲೆಲ್ಲಿ ಇದೆಯೆಂದು ಬೆರಳಿಟ್ಟು ತೋರಿಸೆಂದು ಕೇಳಿದಳು. ಅಜ್ಜಿ ಇದ್ದಲಿನಿಂದ ಆ ಹೆಸರನ್ನು ಜಗಲಿಯ ಮೇಲೆ ಬರೆದು ತೋರಿಸಿದಳು. ಮೂರೇ ಅಕ್ಷರ. ಆಕೆ ಬಾಳಿನಲ್ಲಿ ಕಲಿತುದು ಆ ಮೂರು ಅಕ್ಷರಗಳನ್ನು ಮಾತ್ರ. ಬೇರೆ ಯಾವುದನ್ನೂ ಕಲಿಯಲು ಒಪ್ಪಲಿಲ್ಲವೆಂದು ಅಜ್ಜಿ ಹೇಳುತ್ತಿದ್ದಳು.

ನ್ಯೂವ್ ಶಪೆಲಿನ ಸ್ಮಾರಕದಲ್ಲಿರುವುದು ಹೆಸರುಗಳೇ. ಊರಿನ ದಕ್ಷಿಣದಲ್ಲಿ, ಯುದ್ಧಕಾಲದಲ್ಲಿ ಸೈನಿಕರು ಪೋರ್ಟ್ ಆರ್ಥರ್ ಎಂದು ಕರೆಯುತ್ತಿದ್ದ ಕೂಡುರಸ್ತೆಯ ಬಳಿ ಅದು ನಿಂತಿದೆ. ಹೊಸದಿಲ್ಲಿಯ ಸೆಕ್ರೆಟೇರಿಯೆಟ್ ಕಟ್ಟಡಗಳನ್ನು ರಚಿಸಿದ ಸರ್ ಹರ್ಬರ್ಟ್ ಬೇಕರ್ ಎಂಬ ಶಿಲ್ಪಿಯೇ ಇದನ್ನೂ ರಚಿಸಿದನು. ದುಂಡಗಿನ ಪ್ರಾಕಾರ, ಅದರ ಅರ್ಧವು ಸಾಂಚಿಯ ಸ್ತೂಪದ ಕಟಾಂಜನದಂತೆ ಕಂಡಿ ಕಂಡಿಯಾದ ಕಲ್ಲಿನ ಜಾಲಂದ್ರ, ಉಳಿದ ಅರ್ಧವು ಹೆಸರು ಕೆತ್ತಿದ ಗೋಡೆ. ಮುಂಭಾಗದಲ್ಲಿ ಅಶೋಕನ ಸ್ತಂಭಗಳನ್ನು ನೆನಪಿಗೆ ತರುವ, ಸುಮಾರು 15 ಮೀಟರ್ ಎತ್ತರದ ಕಂಬ, ಕಂಬದ ತುದಿಯಲ್ಲಿ ಕಮಲ, ಇಕ್ಕೆಲಗಳಲ್ಲಿ ಕಲ್ಲಿನ ಹುಲಿಗಳು. ದೇವರು ಒಬ್ಬನೇ, ಜಯವು ಆತನದೇ ಎಂಬ ಅರ್ಥದ ಮಾತನ್ನು ಇಂಗ್ಲಿಷ್, ಅರಬ್ಬಿ, ದೇವನಾಗರಿ, ಗುರುಮುಖಿ ಲಿಪಿಗಳಲ್ಲಿ ಕಂಬದ ಬುಡದಲ್ಲಿ ಕೆತ್ತಿರುವರು. 1927ರ ಅಕ್ಟೋಬರ್ 7ರಂದು ಲಾರ್ಡ್ ಬರ್ಕನ್‌ಹೆಡ್ ಎಂಬ ಭಾರತ ಮಂತ್ರಿಯು ಇದನ್ನು ಅನಾವರಣ ಮಾಡಿದಾಗ ಮಾರ್ಷಲ್ ಫೋಷ್ ಎಂಬ ಪ್ರಸಿದ್ಧ ಫ್ರೆಂಚ್ ಸೇನಾನಿಯು ಹಾಜರಿದ್ದನು. 2015ರ ಎಪ್ರಿಲಿನಲ್ಲಿ ನಮ್ಮ ದೇಶದ ಪ್ರಧಾನಮಂತ್ರಿಗಳೂ ಇಲ್ಲಿಗೆ ಬಂದು ಹೂವಿಟ್ಟರು. ಗೋಡೆಯ ಮೇಲೆ 4,700ಕ್ಕೂ ಮಿಕ್ಕಿದ ಹೆಸರುಗಳು. ಇವರು ಫ್ರಾನ್ಸಿನಲ್ಲಿಯೂ ಬೆಲ್ಜಿಯಮ್ಮಿನಲ್ಲಿಯೂ ಸತ್ತು, ಸಮಾಧಿಯೆಂಬುದೇ ತಿಳಿಯದೆ ಹೋದ ಸಿಪಾಯಿಗಳು ಮತ್ತು ಕೂಲಿಯಾಳುಗಳು. ಮುಂದೆ ಜರ್ಮನಿಯ ಸೆರೆಯಲ್ಲಿ ಮಡಿದವರ ಹೆಸರುಗಳುಳ್ಳ ಒಂದು ಕಂಚಿನ ಹಲಗೆಯನ್ನೂ ಸೇರಿಸಿದರು.

ನಾವು ಹೋದ ದಿನ ಅಲ್ಲಿ ಬೇರೆ ಯಾರೂ ಇರಲಿಲ್ಲ. ಹೆಸರುಗಳು ದಳದಳವಾಗಿ ಕೆತ್ತಲ್ಪಟ್ಟಿವೆ. ಒಂದೇ ಹೆಸರು ಮತ್ತೆ ಮತ್ತೆ ಬರುವುದು. ನನ್ನ ಸೊಸೆಯು ಗೋಡೆಯ ಒಂದು ಸಾಲನ್ನು ಮೆಲ್ಲನೆ ಓದತೊಡಗಿದಳು. ಅದೆಲ್ಲ ಇಂಗ್ಲಿಷ್ ಅಕ್ಷರ. ಈ ಜನರ ತಾಯಂದಿರೂ ಹೆಂಡಿರೂ ಹಡಗು ಹತ್ತಿ ಇಲ್ಲಿಗೆ ಬಂದಿದ್ದರೂ ತಮ್ಮವರ ಹೆಸರನ್ನು ಬೆರಳಿಟ್ಟು ಹುಡುಕಲಾರರಾಗಿದ್ದರಲ್ಲವೇ ಎಂಬ ಯೋಚನೆ ನನಗೆ ಬಂದು, ಗಂಟಲು ಕಟ್ಟಿತು. ಅವಳು ಓದುತ್ತಲೇ ಇದ್ದಳು. ಮಳೆ ಜೋರಾಗುವವರೆಗೆ ನಾನು ಅವಳನ್ನು ತಡೆಯಲಿಲ್ಲ.

ಹಳ್ಳಿಯ ಮುಂದಿನ ಕಥೆಯನ್ನೂ ಹೇಳಬೇಕಷ್ಟೆ. 1915ರ ನಂತರ ಮೂರು ವರ್ಷ ಅದು ಗುಂಡುಗಳ ಕೆಳಗೆ ಮಣ್ಣಾಗುತ್ತಲೇ ಇತ್ತು. 1917ರಲ್ಲಿ ಪೋರ್ಚುಗೀಸ್ ಸೈನ್ಯವು ಆ ಭಾಗಕ್ಕೆ ಬಂದಿತು. ಅಷ್ಟರಲ್ಲಿ ಊರಿನಲ್ಲಿ ಗೋಡೆಯೆಂಬುದು ಉಳಿದಿರಲಿಲ್ಲ. ಆದರೆ ಒಂದು ಶಿಲುಬೆಯೂ ಅದರ ಮೇಲಿನ ಕ್ರಿಸ್ತನ ಮರದ ಪ್ರತಿಮೆಯೂ ಅಂಗಗಳು ಮುರಿದು ನಿಂತಿದ್ದವು. 1918ರ ಎಪ್ರಿಲ್ 9ರಂದು ಜರ್ಮನರ ದೊಡ್ಡ ದಾಳಿಯು ಪೋರ್ಚುಗೀಸರ ಮೇಲೆಯೇ ಎರಗಿ ಸಾವಿರಾರು ಮಂದಿಯನ್ನು ಕೊಂದು ಸೆರೆಹಿಡಿದಾಗಲೂ ಆ ಪ್ರತಿಮೆಯು ಉಳಿಯಿತು. ಯುದ್ಧವು ಮುಗಿದ ಮೇಲೆ ಊರಿನವರು ಅದನ್ನು ಕಾಪಾಡಿಕೊಂಡಿದ್ದು, 1958ರಲ್ಲಿ ಪೋರ್ಚುಗಲ್ ಸರಕಾರದವರು ಬೇಡಿಕೊಂಡಾಗ ಅವರಿಗೆ ಕೊಟ್ಟುಬಿಟ್ಟರು. ಈಗ ಅದು ಬತಾಲ್ಯ ಎಂಬ ಊರಿನ ಪುರಾತನ ಮಠದಲ್ಲಿ, ಹೆಸರಿಲ್ಲದ ಸೈನಿಕನ ಸಮಾಧಿಯ ತಲೆದೆಸೆಯಲ್ಲಿದೆ. ಅವರ ಸತ್ತವರಲ್ಲಿ 1,831 ಮಂದಿ ಪಕ್ಕದ ರಿಶ್‌ಬೂರ್ ಗ್ರಾಮದಲ್ಲಿ ಮಲಗಿರುವರು. ಭಾರತೀಯ ಸ್ಮಾರಕದಿಂದ ಅದು ಬಹಳ ಹತ್ತಿರ.

ಯುದ್ಧಾನಂತರ ಊರಿನವರು ಮರಳಿ ಬಂದು, ಗುಂಡಿಗಳನ್ನು ಮುಚ್ಚಿ, ಮುಳ್ಳುತಂತಿಗಳನ್ನು ಸುತ್ತಿ ತೆಗೆದು, ಮನೆಗಳನ್ನೂ ಇಗರ್ಜಿಯನ್ನೂ ಹೊಸದಾಗಿ ಕಟ್ಟಿದರು. 1940ರಿಂದ 1944ರವರೆಗೆ ಮತ್ತೊಮ್ಮೆ ಜರ್ಮನರ ಆಳಿಕೆ. ಅದೂ ಕಳೆಯಿತು. ಇಂದಿಗೂ ಈ ಸೀಮೆಯಲ್ಲಿ ಉಳುವಾಗ ಸಿಡಿಯದೆ ಉಳಿದ ಗುಂಡುಗಳು ನೇಗಿಲಿಗೆ ಸಿಕ್ಕುವುವು. ರೈತರು ಅವನ್ನು ಎಚ್ಚರಿಕೆಯಿಂದ ಹೊಲದಂಚಿನಲ್ಲಿಟ್ಟು ಸರಕಾರಕ್ಕೆ ತಿಳಿಸುವರು. ಅದಕ್ಕೆಂದೇ ನೇಮಿತರಾದವರು ಬಂದು ಒಯ್ಯುವರು.

ಹಿಂದಿರುಗುವಾಗ ದಾರಿಯ ಪಕ್ಕದ ಹೊಲದಲ್ಲಿ ಆಲೂಗಡ್ಡೆಗಾಗಿ ನೆಲವನ್ನು ಹದಮಾಡುತ್ತಿದ್ದರು. ಟ್ರ್ಯಾಕ್ಟರನ್ನು ನಡೆಸುತ್ತಿದ್ದವಳು ಒಬ್ಬ ನಡುವಯಸ್ಸಿನ ಹೆಂಗಸು. ನಮ್ಮ ಸೀರೆಗಳನ್ನು ಕಂಡು ನಾವು ಎಲ್ಲಿಂದ ಬರುತ್ತಿದ್ದೇವೆಂಬುದನ್ನು ಊಹಿಸಿದಳೋ ಏನೋ, ಯಂತ್ರವನ್ನು ನಿಲ್ಲಿಸಿ ಕೈಯೆತ್ತಿದಳು. ನನ್ನ ಸೊಸೆಯು ಫ್ರೆಂಚ್ ಭಾಷೆಯಲ್ಲಿ ಆಕೆಗೆ ವಂದಿಸಿ, ಈ ವರ್ಷ ಮಳೆ ಹೇಗಿದೆಯೆಂದು ಕೇಳಿದಳು. ನೀರು ಹೆಚ್ಚಾಯಿತು, ನೀರು ಯಾವಾಗಲೂ ಹೆಚ್ಚೇ ಎಂದು ಆಕೆ ನಕ್ಕು ತನ್ನ ಕೆಲಸಕ್ಕೆ ತೊಡಗಿದಳು.